ಸಹಾಯ ಬೇಕು: ರಾಯಚೂರು, ಕೊಪ್ಪಳ ಕಡೆ ವೀರ್ಯ ಪರೀಕ್ಷೆಗೆ ಒಳ್ಳೆಯ ಲ್ಯಾಬ್
ಲ್ಯಾಬ್ ಟೆಕ್ನಿಷಿಯನ್‌ಗಳು ದಯವಿಟ್ಟು ನೋಡಿ. ಪ್ರತ್ಯೇಕ ಕೋಣೆ ಇರುವ, ಮಾದರಿ ಕೊಟ್ಟ ಹೊತ್ತು ಮತ್ತು ನೋಡಿದ ಹೊತ್ತು ಎರಡನ್ನೂ ರಿಪೋರ್ಟಿನಲ್ಲಿ ಬರೆಯುವ ಲ್ಯಾಬ್ ಗೊತ್ತಿದ್ದರೆ ತಿಳಿಸಿ. ಮಾದರಿ ಒಂದು ಗಂಟೆಗಿಂತ ತಡವಾದರೆ ವೀರ್ಯಾಣುಗಳ ಚಲನೆ ಕುಗ್ಗುತ್ತದೆ. ತಣ್ಣಗಾದರೂ ಅಷ್ಟೇ, ಹಾಗಾಗಿ ಡಬ್ಬಿಯನ್ನು ಮೈಗೆ ಒತ್ತಿಕೊಂಡೇ ತರಬೇಕು. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು, ಅವು ಚೆಲ್ಲಿದರೆ ಎಣಿಕೆಯೇ ಸುಳ್ಳು. ಮಾದರಿ ತೆಗೆಯುವಾಗ ಮಾಮೂಲಿ ಕಾಂಡೋಮ್, ಎಂಜಲು, ಸೋಪು ಬೇಡವೇ ಬೇಡ. ಹಿಂದಿನ ಸ್ಖಲನಕ್ಕೂ ಮಾದರಿಗೂ ನಡುವೆ 2ರಿಂದ 7 ದಿನ ಅಂತರವಿರಲಿ. ಜೋರು ಜ್ವರ ಬಂದಿದ್ದರೆ ಮೂರು ತಿಂಗಳ ಮೇಲೆ ಮತ್ತೊಮ್ಮೆ ಮಾಡಿಸಬೇಕು. ಇಂಥ ಒಂದೇ ತಪ್ಪು ರಿಪೋರ್ಟ್ ನಂಬಿ, ಸಹಜವಾಗಿ ಬಸಿರಾಗಬಹುದಾದವರೂ ಐವಿಎಫ್‌ಗೆ (ಪ್ರನಾಳ ಶಿಶು ಚಿಕಿತ್ಸೆಗೆ) ಸಾಲ ಮಾಡುವಂತಾಗಬಾರದು. ಯಾದಗಿರಿಯ ಲ್ಯಾಬ್ ಆದರೂ ಸರಿ.