ಕೀಪಾಸ್‌ಎಕ್ಸ್‌ಸಿ ಫೈಲ್‌ನ ಬ್ಯಾಕಪ್ ದೂರದ ಸರ್ವರ್‌ನಲ್ಲಿ ಇಡುವುದು ಹೇಗೆ?

ಪ್ರಶ್ನೆ (ಕಲೀನಾ, ಮುಂಬಯಿ)
ನಮ್ಮ ಮನೆಯವರೆಲ್ಲರ ಬ್ಯಾಂಕು, ಪಿಎಫ್, ವಿಮೆ, ಇಮೇಲ್ ಪಾಸ್‌ವರ್ಡ್‌ಗಳು ಕೀಪಾಸ್‌ಎಕ್ಸ್‌ಸಿ ಎಂಬ ಪಾಸ್‌ವರ್ಡ್ ಸಂಗ್ರಹ ತಂತ್ರಾಂಶದ ಒಂದೇ ಫೈಲ್‌ನಲ್ಲಿವೆ. ಲ್ಯಾಪ್‌ಟಾಪ್‌ನಲ್ಲಿ ಒಂದು, ಕಪಾಟಿನ ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇದ್ದರೂ ಎರಡೂ ಇರುವುದು ಒಂದೇ ನೆಲಮಹಡಿಯ ಮನೆಯಲ್ಲಿ. 2005ರ ಜುಲೈ 26ರಂದು ಪಕ್ಕದ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದು ನೆನಪಿರುವವರಿಗೆ ಇಷ್ಟನ್ನೇ ನಂಬಿ ಕೂರಲು ಧೈರ್ಯ ಬರುವುದಿಲ್ಲ. ಬಾಡಿಗೆಯ ಲಿನಕ್ಸ್ ಸರ್ವರ್ ಒಂದಕ್ಕೆ ಪ್ರತಿ ರಾತ್ರಿ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ನಡೆಸುವ ಸೌಲಭ್ಯ) ಮೂಲಕ ಆರ್‌ಸಿಂಕ್‌ನಿಂದ (ಫೈಲ್ ನಕಲಿಸುವ ತಂತ್ರಾಂಶ) ಈ ಫೈಲ್ ಕಳುಹಿಸಬೇಕೆಂದಿದ್ದೇನೆ. ಸರ್ವರ್ ಪರರ ಕೈಗೆ ಸಿಕ್ಕರೆ ಅಪಾಯವೆಷ್ಟು? ಈ ಕ್ರಮದಲ್ಲಿ ಕೊರತೆಯೇನಾದರೂ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಕೋಥ್ರೂಡ್, ಪುಣೆ)
ನಿಮ್ಮ ಫೈಲ್ ಕೆಡಿಬಿಎಕ್ಸ್ 4 (ಕೀಪಾಸ್ ಫೈಲ್‌ಗಳ ಒಂದು ಆವೃತ್ತಿ) ಮಾದರಿಯದಾಗಿದ್ದು, ಅದರಲ್ಲಿ ಪಾಸ್‌ವರ್ಡ್ ಊಹೆಯನ್ನು ದುಬಾರಿಯಾಗಿಸುವ ಆರ್ಗಾನ್2 ವಿಧಾನ ಆಯ್ಕೆಯಾಗಿದ್ದರೆ, ಕದ್ದವರು ಫೈಲ್ ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಊಹಿಸುವ ಪ್ರತಿ ಪ್ರಯತ್ನಕ್ಕೂ ಸಾಕಷ್ಟು ಮೆಮೊರಿ ಮತ್ತು ಸಮಯ ವ್ಯಯಿಸಬೇಕಾಗುತ್ತದೆ. ಆದರೂ ಪಾಸ್‌ವರ್ಡೇ ದುರ್ಬಲವಾಗಿದ್ದರೆ ಇದಾವುದೂ ಕಾಯುವುದಿಲ್ಲ; 2022ರಲ್ಲಿ ಲಾಸ್ಟ್‌ಪಾಸ್ ಎಂಬ ಆನ್‌ಲೈನ್ ಪಾಸ್‌ವರ್ಡ್ ಸೇವೆಯ ಬ್ಯಾಕಪ್‌ಗಳು ಕಳುವಾದಾಗಲೂ ಎದ್ದ ಪ್ರಶ್ನೆ ಮಾಸ್ಟರ್ ಪಾಸ್‌ವರ್ಡ್ ಎಷ್ಟು ಗಟ್ಟಿ ಎಂಬುದೇ. ಪಾಸ್‌ವರ್ಡ್ ಜೊತೆಗೆ ಕೀ ಫೈಲ್ (ತೆರೆಯಲು ಬೇಕಾಗುವ ಎರಡನೆಯ ಕೀಲಿಯಾದ ಫೈಲ್) ಬಳಸುತ್ತಿದ್ದರೆ ಅದನ್ನು ಮಾತ್ರ ಆ ಸರ್ವರ್‌ಗೆ ಕಳುಹಿಸಲೇಬೇಡಿ.

ನನಗೆ ಹೆಚ್ಚು ಆತಂಕ ತರುವುದು ಆರ್‌ಸಿಂಕ್. ಲ್ಯಾಪ್‌ಟಾಪ್‌ನಲ್ಲಿ ಫೈಲ್ ಕೆಟ್ಟರೆ, ಅಥವಾ ಯಾರೋ ಒಂದು ನಮೂದನ್ನು ಅಳಿಸಿದರೆ, ಅದೇ ರಾತ್ರಿ ಆ ಕೆಟ್ಟ ಪ್ರತಿಯೇ ಸರ್ವರ್‌ನ ಒಳ್ಳೆಯ ಪ್ರತಿಯ ಮೇಲೆ ಕೂರುತ್ತದೆ. ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಬಳಸಿದರೆ ದಿನದಿನದ ಸ್ಥಿತಿ ಬೇರೆಬೇರೆಯಾಗಿ ಉಳಿಯುತ್ತದೆ, ಮತ್ತು ಎಲ್ಲವೂ ನಿಮ್ಮ ಯಂತ್ರದಲ್ಲೇ ಎನ್‌ಕ್ರಿಪ್ಟ್ ಆಗಿ ಹೊರಡುತ್ತದೆ. ರಾತ್ರಿ ಲ್ಯಾಪ್‌ಟಾಪ್ ಮುಚ್ಚಿಡುವವರಾದರೆ ಕ್ರಾನ್ ಬದಲು ಅನಾಕ್ರಾನ್ ಒಳ್ಳೆಯದು. ತಪ್ಪಿದ ಕೆಲಸವನ್ನು ಅದು ಯಂತ್ರ ತೆರೆದ ಮೇಲೆ ಮಾಡಿಸುತ್ತದೆ.

ಉತ್ತರ (ಮಡಗಾಂವ್, ಗೋವಾ)
ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಲ್ಯಾಪ್‌ಟಾಪ್ ನೀರುಪಾಲಾಗಿದೆ, ಹೊಸ ಯಂತ್ರದ ಮುಂದೆ ಕೂತಿದ್ದೀರಿ ಎಂದುಕೊಳ್ಳಿ. ಸರ್ವರ್‌ನೊಳಗೆ ಹೋಗಲು ಬೇಕಾದ ಎಸ್‌ಎಸ್‌ಎಚ್ ಕೀ ಹಳೆಯ ಲ್ಯಾಪ್‌ಟಾಪ್‌ನಲ್ಲಿತ್ತು. ಹೋಸ್ಟಿಂಗ್ ಖಾತೆಯ ಪಾಸ್‌ವರ್ಡ್, ರೆಸ್ಟಿಕ್‌ನ ಪಾಸ್‌ವರ್ಡ್ ಎರಡೂ ನೀವು ಹುಡುಕುತ್ತಿರುವ ಫೈಲ್‌ನೊಳಗೇ ಇವೆ. ಆಗ ಸರ್ವರ್‌ನಲ್ಲಿ ಪ್ರತಿ ಭದ್ರವಾಗಿದ್ದೂ ನಿಮ್ಮ ಕೈಗೆ ಸಿಗುವುದಿಲ್ಲ. ಆದ್ದರಿಂದ ಸರ್ವರ್ ವಿಳಾಸ, ಬಳಕೆದಾರ ಹೆಸರು ಮತ್ತು ಈ ಎರಡು ಪಾಸ್‌ವರ್ಡ್‌ಗಳನ್ನು ಕಾಗದದಲ್ಲಿ ಬರೆದು, ಬೇರೆ ಊರಿನಲ್ಲಿರುವ ನಂಬಿಕಸ್ಥರಲ್ಲಿ ಲಕೋಟೆಯಲ್ಲಿ ಇರಿಸಿ. ಹೋಸ್ಟಿಂಗ್ ಖಾತೆಗೆ ಒಟಿಪಿ ಆ್ಯಪ್ ಇದ್ದರೆ ಅದರ ರಿಕವರಿ ಕೋಡ್‌ಗಳೂ ಅಲ್ಲಿರಲಿ. ಬಳಿಕ ಬೇರೊಂದು ಕಂಪ್ಯೂಟರ್‌ನಲ್ಲಿ ಆ ಕಾಗದವೊಂದನ್ನೇ ಹಿಡಿದು ಫೈಲ್ ಇಳಿಸಿ, ತೆರೆದು ನೋಡಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದ. ನಮ್ಮ ಹೋಸ್ಟಿಂಗ್ ಪಾಸ್‌ವರ್ಡ್ ನಿಜವಾಗಿಯೂ ಆ ಫೈಲ್‌ನೊಳಗೆ ಮಾತ್ರ ಇದೆ. ರೆಸ್ಟಿಕ್ ಹೊಂದಿಸಿಕೊಂಡು, ಲಕೋಟೆಯನ್ನು ಧಾರವಾಡದ ಅಕ್ಕನ ಮನೆಯಲ್ಲಿ ಇಡುತ್ತೇನೆ. ಫೈಲ್ ಇಳಿಸಿ ತೆರೆಯುವ ಪರೀಕ್ಷೆಯನ್ನೂ ಅಲ್ಲಿಯ ಕಂಪ್ಯೂಟರ್‌ನಲ್ಲೇ ಮಾಡುತ್ತೇನೆ.