ರಾಜಕಾಲುವೆ ಬದಿಯ ಬಡಾವಣೆ: ಗೋಡೆ ಎತ್ತರಿಸಿದರೆ ನೆರೆ ನಿಲ್ಲುತ್ತದೆಯೇ?

ಪ್ರಶ್ನೆ — ಹೊರಮಾವು ನಿವಾಸಿ

ನಮ್ಮದು ಬೆಂಗಳೂರಿನ ಹೊರಮಾವು ಕಡೆಯಲ್ಲಿ ರಾಜಕಾಲುವೆಗೆ (ಮಳೆನೀರು ಹರಿದುಹೋಗುವ ದೊಡ್ಡ ಕಾಲುವೆ) ತಾಗಿಕೊಂಡಿರುವ, ಸುಮಾರು ಹತ್ತು ಎಕರೆಯ ಬಡಾವಣೆ. 2022ರ ಸೆಪ್ಟೆಂಬರ್, 2024ರ ಅಕ್ಟೋಬರ್ ಮತ್ತು 2025ರ ಮೇ ತಿಂಗಳ ಮಳೆಗಳಲ್ಲಿ ತಗ್ಗಿನ ಎರಡು ಅಡ್ಡರಸ್ತೆಗಳ ಮನೆಗಳಿಗೆ ನೀರು ನುಗ್ಗಿತು. 2024ರ ಮಾರ್ಚ್‌ನಲ್ಲಿ ಇದೇ ಬಡಾವಣೆಯ ಕೊಳವೆಬಾವಿ ಬತ್ತಿ, ನಾವೆಲ್ಲ ಟ್ಯಾಂಕರ್‌ಗೆ ಹೆಸರು ಬರೆಸಿ ಕಾಯಬೇಕಾಯಿತು.

ಈಗ ನಿವಾಸಿಗಳ ಸಂಘವು ಕಾಲುವೆ ಬದಿಯ ಗೋಡೆಯನ್ನು ನಾಲ್ಕು ಅಡಿ ಎತ್ತರಿಸಿ, ಒಳರಸ್ತೆಗಳಿಗೆ ಕಾಂಕ್ರೀಟ್ ಹಾಕಿ ಮಟ್ಟ ಏರಿಸಿ, ಎರಡು ದೊಡ್ಡ ಪಂಪುಗಳನ್ನು ಕೊಳ್ಳುವ ಯೋಜನೆ ಮುಂದಿಟ್ಟಿದೆ. ಸಂಘದಲ್ಲಿ ಕೂಡಿಟ್ಟಿರುವ ಹಣವೆಲ್ಲ ಇದೊಂದಕ್ಕೇ ಹೋಗುತ್ತದೆ. ಸಭೆಯಲ್ಲಿ ಕೆಲವರು ಇದೆಲ್ಲ ಹವಾಮಾನ ಬದಲಾವಣೆಯ ಫಲ, ನಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಇನ್ನು ಕೆಲವರು ಮಳೆ ಹಿಂದೆಯೂ ಹೀಗೆಯೇ ಬರುತ್ತಿತ್ತು, ಊರು ಕಟ್ಟಿದ ರೀತಿಯೇ ತಪ್ಪು ಎಂದರು. ಯಾರ ಮಾತು ಸರಿ? ಇರುವ ಹಣವನ್ನು ಯಾವುದಕ್ಕೆ ಖರ್ಚು ಮಾಡಿದರೆ ಮುಂದಿನ ಇಪ್ಪತ್ತು ವರ್ಷಕ್ಕೆ ಪ್ರಯೋಜನವಾದೀತು? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ — ನಿವೃತ್ತ ನೀರಾವರಿ ಇಂಜಿನಿಯರ್

ಗೋಡೆಯ ಎತ್ತರವನ್ನು ನಿಶ್ಚಯಿಸುವ ಮೊದಲು ನಿಮ್ಮ ಕಾಲುವೆಗೆ ಬರುವ ನೀರು ಎಲ್ಲಿಯದು ಎಂಬುದನ್ನು ಸಂಘದ ಸಭೆಯಲ್ಲಿ ನಕ್ಷೆ ಹರಡಿ ನೋಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿರುವ ಊರು. ದೊಡ್ಡ ನದಿಯೊಂದೂ ಇಲ್ಲಿ ಹರಿಯದ ಕಾರಣ, ಬಿದ್ದ ಮಳೆ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಎಂಬ ಮೂರು ಮುಖ್ಯ ಕಣಿವೆಗಳ ಮೂಲಕವೇ ಇಳಿದುಹೋಗಬೇಕು. ನೀವಿರುವುದು ಹೆಬ್ಬಾಳ ಕಣಿವೆಯಲ್ಲಿ. ಹೆಬ್ಬಾಳ, ನಾಗವಾರದ ಕಡೆಯ ನೀರು ನಿಮ್ಮ ಭಾಗವನ್ನು ದಾಟಿ, ಕಲ್ಕೆರೆ, ರಾಂಪುರ, ಎಲೆಮಲ್ಲಪ್ಪಶೆಟ್ಟಿ ಕೆರೆಗಳ ದಿಕ್ಕಿನಲ್ಲಿ ಸಾಗಿ ಕೊನೆಗೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ.

ಒಂದು ಲೆಕ್ಕ ನೋಡಿ. ನಿಮ್ಮ ಹತ್ತು ಎಕರೆಯ ಮೇಲೆ 60 ಮಿ.ಮೀ. ಮಳೆ ಬಿದ್ದರೆ ಸುಮಾರು 24 ಲಕ್ಷ ಲೀಟರ್ ನೀರಾಗುತ್ತದೆ. ಅದೇ ಮಳೆ ಮೇಲ್ಭಾಗದ ಒಂದೇ ಒಂದು ಚದರ ಕಿಲೋಮೀಟರಿನ ಮೇಲೆ ಬಿದ್ದರೆ 6 ಕೋಟಿ ಲೀಟರ್. ತೋಟ ಗದ್ದೆ ಇದ್ದಾಗ ಅದರಲ್ಲಿ ಬಹುಪಾಲು ಹಿಂಗಿ, ಉಳಿದದ್ದು ನಿಧಾನವಾಗಿ ಹರಿದು ಬರುತ್ತಿತ್ತು. ಕಾಂಕ್ರೀಟ್ ಮತ್ತು ಟಾರು ಹೊದ್ದ ನೆಲದಿಂದ ಬಹುಪಾಲು ಹರಿದೇ ಬರುತ್ತದೆ, ಅದೂ ಒಂದು ಗಂಟೆಯೊಳಗೆ. ಕಾಲುವೆ ತುಂಬಿ ಅದರ ನೀರಿನ ಮಟ್ಟ ನಿಮ್ಮ ರಸ್ತೆಗಿಂತ ಮೇಲೇರಿದಾಗ, ಗೋಡೆ ಹೊರಗಿನ ನೀರನ್ನು ತಡೆದರೂ ನಿಮ್ಮದೇ 24 ಲಕ್ಷ ಲೀಟರಿಗೆ ಹೊರಹೋಗಲು ದಾರಿ ಇರುವುದಿಲ್ಲ. ಪಂಪಿನಿಂದ ಎತ್ತಿ ಕಾಲುವೆಗೇ ಸುರಿದರೆ ಅದು ಎದುರು ದಂಡೆಯವರ ಮನೆಗೆ ಹೋಗುತ್ತದೆ. ಮರುವರ್ಷ ಅವರೂ ಗೋಡೆ ಕಟ್ಟುತ್ತಾರೆ. ಆಗ ಅದೇ ಕಾಲುವೆಯ ನೀರು ಇನ್ನೂ ಎತ್ತರಕ್ಕೆ ಏರುತ್ತದೆ. ರಸ್ತೆಯನ್ನು ಏರಿಸುವುದನ್ನಂತೂ ನಾನು ಖಂಡಿತ ವಿರೋಧಿಸುತ್ತೇನೆ, ಏಕೆಂದರೆ ಹಳೆಯ ಮನೆಗಳ ನೆಲಮಟ್ಟ ರಸ್ತೆಗಿಂತ ಕೆಳಗಾಗಿ ಅವೇ ಹೊಂಡಗಳಾಗುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕೆರೆಯ ತೂಬಿನ, ಅಂದರೆ ಏರಿಯ ಬುಡದಲ್ಲಿ ನೀರನ್ನು ಹೊರಬಿಡುವ ಕಂಡಿಯ, ವಿಚಾರ. ಹಿಂದೆ ಕೆರೆ ವ್ಯವಸಾಯಕ್ಕಾಗಿ ಇತ್ತು. ನೀರುಗಂಟಿ ತೂಬು ತೆರೆದು ಗದ್ದೆಗೆ ನೀರು ಬಿಡುತ್ತಿದ್ದುದರಿಂದ ಬೇಸಿಗೆಯ ಹೊತ್ತಿಗೆ ಕೆರೆಯ ಹೊಟ್ಟೆ ಖಾಲಿಯಾಗಿ, ಮುಂಗಾರಿನ ನೀರಿಗೆ ಜಾಗ ಇರುತ್ತಿತ್ತು. ಒಂದು ಕೆರೆ ತುಂಬಿ ಕೋಡಿ ಬಿದ್ದ ಮೇಲೆಯೇ ಕೆಳಗಿನ ಕೆರೆಗೆ ಹೆಚ್ಚಿನ ನೀರು ಹೋಗುತ್ತಿತ್ತು. ಇಂದು ಗದ್ದೆಗಳಿಲ್ಲ, ಎಷ್ಟೋ ಕಡೆ ತೂಬುಗಳು ಮುಚ್ಚಿಹೋಗಿವೆ, ಮತ್ತು ಕೊಳಚೆನೀರೋ ಸಂಸ್ಕರಿಸಿದ ನೀರೋ ದಿನವೂ ಬಂದು ಸೇರುವುದರಿಂದ ನಗರದ ಅನೇಕ ಕೆರೆಗಳು ವರ್ಷವಿಡೀ ತುಂಬಿಯೇ ಇರುತ್ತವೆ. ತುಂಬಿದ ಕೆರೆ ನೋಡಲು ಚೆನ್ನ, ಆದರೆ ದೊಡ್ಡ ಮಳೆ ಬಂದಾಗ ಅದು ಒಂದು ಹನಿಯನ್ನೂ ತಡೆದು ನಿಲ್ಲಿಸಲಾರದು. ಹೂಳು ತೆಗೆದು, ನಡಿಗೆಪಥ ಮಾಡಿ, ಬೇಲಿ ಹಾಕಿದರೆ ಕೆರೆಯ ಅಭಿವೃದ್ಧಿಯಾಯಿತು ಎಂದು ನಂಬಿರುವ ನಾವು, ತೂಬಿಗೆ ಗೇಟು ಕೂರಿಸಿ ಮಳೆಗೆ ಮುಂಚೆ ನೀರಿನ ಮಟ್ಟ ಇಳಿಸಬೇಕೆಂದು ಕೇಳುವುದನ್ನೇ ಮರೆತಿದ್ದೇವೆ. ನಿಮ್ಮ ಮೇಲ್ಗಡೆಯ ಕೆರೆಗಳಲ್ಲಿ ಇದಾದರೆ ನಿಮ್ಮ ಗೋಡೆಗಿಂತ ಎಷ್ಟೋ ಹೆಚ್ಚು ಪ್ರಯೋಜನವಾಗುತ್ತದೆ.

ಹಣದ ಮಟ್ಟಿಗೆ ಹೇಳುವುದಾದರೆ, ನಿಮ್ಮ ಒಳಚರಂಡಿ ಮತ್ತು ಮಳೆನೀರು ಚರಂಡಿಗಳು ಕಾಲುವೆ ಸೇರುವ ಜಾಗಗಳಲ್ಲಿ ಹಿಮ್ಮುಖ ಹರಿವನ್ನು ತಡೆಯುವ ಕವಾಟಗಳನ್ನು ಮೊದಲು ಹಾಕಿಸಿ. ಒಂದು ಪಂಪು ಸಾಕು.

ಉತ್ತರ — ಭೂಗೋಳ ಅಧ್ಯಾಪಕಿ, ಮಲ್ಲೇಶ್ವರ

ಇಂಜಿನಿಯರ್ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಮಳೆಯ ಬದಲಾವಣೆಯನ್ನು ಬದಿಗಿಡಲಾಗದು. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ತೇವಾಂಶ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಒಟ್ಟು ಮಳೆಯ ದಿನಗಳು ಹೆಚ್ಚದಿದ್ದರೂ ಬಿದ್ದಾಗ ಸುರಿಯುವ ರಭಸ ಹೆಚ್ಚಲು ಇದೊಂದು ಮುಖ್ಯ ಕಾರಣ. 2024ರ ಜೂನ್ 2ರಂದು, ರೋಹಿಣಿ ಮಳೆಯ ಕಾಲದಲ್ಲಿ, ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿ.ಮೀ. ಮಳೆ ಬಿದ್ದು, ಜೂನ್ ತಿಂಗಳ ಮಟ್ಟಿಗೆ 1891ರಲ್ಲಿ ದಾಖಲಾಗಿದ್ದ 101.6 ಮಿ.ಮೀ. ಅನ್ನು ಮೀರಿತು. 2017ರ ವಾರ್ಷಿಕ ಮಳೆಯ ದಾಖಲೆ ಐದೇ ವರ್ಷಗಳಲ್ಲಿ, 2022ರಲ್ಲಿ, ಮುರಿಯಿತು. ಒಂದೊಂದು ಮಳೆಯನ್ನೂ ತೋರಿಸಿ ಇದು ಹವಾಮಾನ ಬದಲಾವಣೆಯದ್ದೇ ಎನ್ನಲಾಗದು. ಆದರೆ ಹಳೆಯ ಮಳೆಯ ಅಂಕಿಗಳನ್ನು ನಂಬಿ ಅಳತೆ ಮಾಡಿದ ಚರಂಡಿ ಇನ್ನು ಸಾಲದು ಎನ್ನಲು ಇಷ್ಟು ಸಾಕು.

ಆದ್ದರಿಂದ ನಿಮ್ಮ ಸಭೆಯ ಎರಡೂ ಗುಂಪಿನವರ ಮಾತಿನಲ್ಲಿ ಸತ್ಯವಿದೆ. ಎಷ್ಟು ನೀರು ಬೀಳುತ್ತದೆ ಎಂಬುದರಲ್ಲಿ ಭೂಮಿಯ ತಾಪಕ್ಕೆ ಪಾಲಿದೆ. ಅದು ಯಾರ ಮನೆಯಲ್ಲಿ ಎಷ್ಟು ಅಡಿ ನಿಲ್ಲುತ್ತದೆ ಎಂಬುದನ್ನು ನಾವು ಕಟ್ಟಿದ ಊರು ನಿರ್ಧರಿಸುತ್ತದೆ. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಇವನ್ನು ಮಾಡಿದ್ದು ಮೋಡವಲ್ಲ. ಹವಾಮಾನದ ಹೆಸರು ಹೇಳಿ ಕೈಚೆಲ್ಲುವುದನ್ನು ನಾನು ಒಪ್ಪಲಾರೆ.

ಬರದ ಬಗ್ಗೆಯೂ ನೀವು ಬರೆದದ್ದು ಒಳ್ಳೆಯದಾಯಿತು. 2023ರಲ್ಲಿ ಎಲ್ ನಿನೋ (ಪೆಸಿಫಿಕ್ ಸಾಗರದ ಮೇಲ್ನೀರು ವಾಡಿಕೆಗಿಂತ ಬಿಸಿಯಾಗುವ ವಿದ್ಯಮಾನ) ಪ್ರಭಾವದಿಂದ ಮುಂಗಾರು ಕೈಕೊಟ್ಟು, ಮುಂದಿನ ಮಾರ್ಚ್ ವೇಳೆಗೆ ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿದ್ದವು. 2022ರ ಸೆಪ್ಟೆಂಬರ್‌ನಲ್ಲಾದರೋ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಕಾವೇರಿ ಪಂಪಿಂಗ್ ಘಟಕಕ್ಕೇ ನೆರೆ ನುಗ್ಗಿ, ಬೆಂಗಳೂರಿನಲ್ಲಿ ಎತ್ತರದ ಜಾಗಗಳಲ್ಲಿದ್ದ ಮನೆಗಳಿಗೂ ಕುಡಿಯುವ ನೀರು ನಿಂತಿತು. ಮೇಲಿನ ರಸ್ತೆಯವರು ತಮಗೇನೂ ತೊಂದರೆಯಿಲ್ಲ ಎನ್ನುವುದಾದರೆ ಇದನ್ನು ನೆನಪಿಸಿ.

ಉತ್ತರ — ಇಂಗುಬಾವಿ ಕೆಲಸದವನು

ಮಳೆನೀರನ್ನು ನೆಲಕ್ಕೆ ಇಳಿಸುವ ಇಂಗುಬಾವಿಯಿಂದ ನೆರೆ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದು ನನ್ನ ವೃತ್ತಿಯಾದರೂ ಹೇಳುತ್ತೇನೆ. ಮೂರಡಿ ಅಗಲ, ಇಪ್ಪತ್ತು ಅಡಿ ಆಳದ ಬಾವಿ ಒಮ್ಮೆಗೆ ಹಿಡಿಯುವುದು ಸುಮಾರು 4,000 ಲೀಟರ್. ನೂರು ಬಾವಿ ತೋಡಿದರೂ ಮೇಲಿನ ಲೆಕ್ಕದ 24 ಲಕ್ಷದಲ್ಲಿ 4 ಲಕ್ಷ ಲೀಟರ್ ಆಗುತ್ತದೆ, ಹಿಂಗುತ್ತ ಹೋದಂತೆ ಇನ್ನಷ್ಟು ಸೇರುತ್ತದೆ. ಆದರೆ ನಿಮ್ಮ ಮಾರ್ಚ್ ತಿಂಗಳ ಕಷ್ಟಕ್ಕೆ ಅದು ನಿಜವಾದ ನೆರವು, ಏಕೆಂದರೆ ವರ್ಷದ ಹೆಚ್ಚಿನ ಮಳೆಗಳು ಸಣ್ಣವು ಮತ್ತು ಮಧ್ಯಮದವು. ಅವು ಪೂರ್ತಿ ನೆಲಕ್ಕಿಳಿಯುತ್ತವೆ. 30×40 ಅಡಿಯ ನಿವೇಶನದ ಪೂರ್ತಿ ಛಾವಣಿಯ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಅದೊಂದರಿಂದಲೇ 11,000 ಲೀಟರ್ ಸಿಗುತ್ತದೆ. ಮಳೆನೀರು ಸಂಗ್ರಹವನ್ನು 2009ರಲ್ಲೇ ಕಾನೂನು ಕಡ್ಡಾಯ ಮಾಡಿದ್ದರೂ ಪೈಪು ನೇರವಾಗಿ ಚರಂಡಿಗೆ ಹೋಗಿರುವ ಮನೆಗಳನ್ನು ಇಂದಿಗೂ ನೋಡುತ್ತಿದ್ದೇನೆ.

ಜಾಗದ ವಿಷಯದಲ್ಲಿ ಎಚ್ಚರವಿರಲಿ. ಬಾವಿಗಳನ್ನು ಬಡಾವಣೆಯ ಎತ್ತರದ ಕಡೆ ತೋಡಿಸಿ, ಛಾವಣಿಯ ನೀರನ್ನು ಸೋಸಿ ಬಿಡಿ. ಕಾಲುವೆ ಪಕ್ಕದ ತಗ್ಗಿನಲ್ಲಿ ತೋಡಿದರೆ ನೆರೆ ಬಂದ ದಿನ ಕೊಳಚೆ ಅದರೊಳಗೆ ಇಳಿದು, ನಿಮ್ಮ ಕೊಳವೆಬಾವಿಯ ನೀರೇ ಕೆಡುತ್ತದೆ.

ಪ್ರಶ್ನೆ ಕೇಳಿದವರು — ಹೊರಮಾವು ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಒಂದು ಮಾತು ಉಳಿದಿದೆ. ನಮ್ಮ ಕೆಳಗಡೆ ಕಾಲುವೆ ಒಮ್ಮೆಲೇ ಕಿರಿದಾಗುತ್ತದೆ. ಅಲ್ಲಿ ಒತ್ತುವರಿಯಾಗಿದೆಯೇ ಎಂಬುದನ್ನು ಸಾಮಾನ್ಯರು ತಿಳಿಯುವುದು ಹೇಗೆ, ಮತ್ತು ಯಾರನ್ನು ಕೇಳಬೇಕು?

ಉತ್ತರ — ಭೂದಾಖಲೆಗಳ ವಕೀಲ

ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರ್ ಸಿಗುತ್ತದೆ. ಆ ನಂಬರಿನ ಹಳೆಯ ಗ್ರಾಮನಕ್ಷೆಯಲ್ಲಿ ಹಳ್ಳ, ಕಾಲುವೆ, ಕೆರೆಯಂಗಳ ಗುರುತಾಗಿರುತ್ತವೆ. ಬಿ ಖರಾಬು ಎಂದಿದ್ದರೆ ಅದು ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ. ಕಟ್ಟಡ ಕಟ್ಟದೆ ಬಿಡಬೇಕಾದ ಮೀಸಲು ಅಂಚಿನ ವಿಷಯದಲ್ಲಿ ಜನ ಗೊಂದಲದಲ್ಲಿದ್ದಾರೆ: ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗೆ 75 ಮೀಟರ್ ಅಂಚು ಇರಬೇಕೆಂದು ಹೇಳಿದ್ದನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ಆಗ 2015ರ ಪರಿಷ್ಕೃತ ನಗರ ಯೋಜನೆಯ ಅಳತೆಗಳೇ, ಅಂದರೆ ಕೆರೆಗೆ 30 ಮೀಟರ್, ದೊಡ್ಡ ಕಾಲುವೆಯ ಮಧ್ಯದಿಂದ 50 ಮೀಟರ್, ಎರಡನೆಯ ಮತ್ತು ಮೂರನೆಯ ಹಂತದ ಕಾಲುವೆಗಳಿಗೆ 25 ಮತ್ತು 15 ಮೀಟರ್, ಮತ್ತೆ ಅನ್ವಯವಾದವು. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಬರೆಯುವ ಮೊದಲು ಇಂದಿನದನ್ನು ನೋಡಿಕೊಳ್ಳಿ.

ಕಿರಿದಾಗುವ ಜಾಗವೆಲ್ಲ ಒತ್ತುವರಿಯೇ ಆಗಿರಬೇಕಿಲ್ಲ. ರಸ್ತೆಯ ಅಥವಾ ರೈಲು ಹಳಿಯ ಕೆಳಗಿನ ಹಳೆಯ ಮೋರಿಯೂ ಆಗಿರಬಹುದು. ಒತ್ತುವರಿಯಾಗಿದ್ದರೆ ತೆರವು ಆಗಲೇಬೇಕು. ಆದರೆ ಪ್ರತಿ ನೆರೆಯ ನಂತರ ಜೆಸಿಬಿ ಮೊದಲು ಹೋಗುವುದು ಸಾಲ ಮಾಡಿ ಸಣ್ಣ ಮನೆ ಕಟ್ಟಿದವನ ಬಾಗಿಲಿಗೆ, ದೊಡ್ಡ ಕಟ್ಟಡದವರು ತಡೆಯಾಜ್ಞೆ ತಂದು ಉಳಿಯುತ್ತಾರೆ. ಇದು ನನ್ನನ್ನು ಬಹಳ ನೋಯಿಸುತ್ತದೆ. ಅರ್ಜಿಯಲ್ಲಿ ಕಾಲುವೆಯ ಉದ್ದಕ್ಕೂ ಸರ್ವೆ ಆಗಲಿ ಎಂದೇ ಕೇಳಿ, ಒಬ್ಬರ ಹೆಸರು ಹಿಡಿದು ಕೇಳಬೇಡಿ. 2025ರ ಸೆಪ್ಟೆಂಬರ್‌ನಿಂದ ನಗರ ಐದು ಪಾಲಿಕೆಗಳಾಗಿದೆ, ಕಣಿವೆ ಆ ಗಡಿಗಳನ್ನು ಅನುಸರಿಸಿ ಹರಿಯುವುದಿಲ್ಲ. ಹಾಗಾಗಿ ಮೇಲಿನ ಮತ್ತು ಕೆಳಗಿನ ಬಡಾವಣೆಗಳ ಸಂಘಗಳು ಒಟ್ಟಾಗಿ, ನಿಮ್ಮ ಪಾಲಿಕೆಗೂ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೂ ಒಂದೇ ಅರ್ಜಿ ಕೊಡುವುದು ಒಳ್ಳೆಯದು. ತೂಬಿನ ಗೇಟಿನ ಬೇಡಿಕೆಯನ್ನೂ ಅದರಲ್ಲೇ ಸೇರಿಸಿ.

ಉತ್ತರ — ನೆರೆ ಪರಿಹಾರ ಸ್ವಯಂಸೇವಕಿ

ಕಾಲುವೆ ವಿಸ್ತರಣೆಗೆ ವರ್ಷಗಳು ಬೇಕು, ಮುಂದಿನ ಜೋರು ಮಳೆ ಅಷ್ಟು ಕಾಯುವುದಿಲ್ಲ. ಯಲಹಂಕದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಗರದಲ್ಲಿ ಹಲವೆಡೆ ಮಳೆಮಾಪಕಗಳನ್ನಿಟ್ಟಿದೆ. ಅದರ ಮೇಘ ಸಂದೇಶ ಆ್ಯಪ್‌ನಲ್ಲಿ ಹೆಬ್ಬಾಳ, ನಾಗವಾರದ ಕಡೆ ಎಷ್ಟು ಸುರಿದಿದೆ ಎಂದು ನೋಡುವ ಜವಾಬ್ದಾರಿಯನ್ನು ಸಂಘದಲ್ಲಿ ಇಬ್ಬರಿಗೆ ವಹಿಸಿ. ಮೇಲೆ ಬಿದ್ದ ಮಳೆ ನಿಮ್ಮಲ್ಲಿಗೆ ಬರುವ ಮುನ್ನ ಸಿಗುವ ಅಲ್ಪ ಸಮಯದಲ್ಲೇ ವಾಹನ ತೆಗೆಯಬಹುದು, ನೆಲಮಾಳಿಗೆಯ ವಿದ್ಯುತ್ ಕಡಿತಗೊಳಿಸಬಹುದು. ತಗ್ಗಿನ ಮನೆಗಳ ಮೀಟರ್ ಬೋರ್ಡ್‌ಗಳನ್ನು ಈಗಲೇ ಎತ್ತರಕ್ಕೆ ಸರಿಸಿ, ನಿಂತ ನೀರಿನಲ್ಲಿ ವಿದ್ಯುತ್ ಪ್ರಾಣ ತೆಗೆಯುತ್ತದೆ.

ನಿಮ್ಮ ಗೋಡೆಯ ಆಚೆ ಕಾಲುವೆ ದಂಡೆಯಲ್ಲಿ ತಗಡಿನ ಶೆಡ್‌ಗಳಿದ್ದರೆ, ಅಲ್ಲಿಯವರ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲ. ರಾಯಚೂರು, ಕಲಬುರಗಿಯಿಂದಲೂ ಹೊರರಾಜ್ಯಗಳಿಂದಲೂ ಬಂದ ಕೂಲಿಕಾರರಿಗೆ ನೆರೆ ಬಂದ ರಾತ್ರಿ ಅಕ್ಕಿ, ಹಾಸಿಗೆ, ಆಧಾರ್, ಪಡಿತರ ಚೀಟಿ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಚೀಟಿ ಇಲ್ಲದೆ ಪರಿಹಾರದ ಪಟ್ಟಿಯಲ್ಲಿ ಹೆಸರೂ ಬರುವುದಿಲ್ಲ. ಎಚ್ಚರಿಕೆಯ ಸಂದೇಶ ಅವರ ಮೇಸ್ತ್ರಿಯ ಫೋನಿಗೂ ಹೋಗುವಂತೆ ಮಾಡಿ, ಸಂಘದ ಸಭಾಂಗಣದ ಬೀಗದ ಕೈ ಆ ರಾತ್ರಿ ಯಾರ ಬಳಿ ಇರುತ್ತದೆ ಎಂಬುದನ್ನು ಅವರಿಗೂ ತಿಳಿಸಿಡಿ.