ಸಹಾಯ ಬೇಕು: ಎಂವಿಎಸ್ಸಿಗೆ (ಪಶುವೈದ್ಯಕೀಯ ಸ್ನಾತಕೋತ್ತರ ಪದವಿ) ನ್ಯೂಟ್ರಿಷನ್ನಾ (ಪಶು ಪೋಷಣೆ), ಎಲ್‌ಪಿಎಮ್ಮಾ (ಜಾನುವಾರು ಉತ್ಪಾದನಾ ನಿರ್ವಹಣೆ)?

ಬಿವಿಎಸ್ಸಿ (ಪಶುವೈದ್ಯ ಪದವಿ) ಇಂಟರ್ನ್‌ಶಿಪ್ ಮುಗೀತಾ ಬಂತು. ಗುರಿ ಆಸ್ಪತ್ರೆ ಅಲ್ಲ, ಪಶು ಆಹಾರ ಕಾರ್ಖಾನೆಯಲ್ಲಿ ಫಾರ್ಮುಲೇಷನ್ ಕೆಲಸ, ಅಂದ್ರೆ ಯಾವ ಸಾಮಗ್ರಿ ಎಷ್ಟು ಬೆರೆಸಬೇಕು ಅಂತ ಲೆಕ್ಕ ಹಾಕೋದು.

ಪಿಯರ್ಸನ್ ಚೌಕ (ಬೆರಕೆಯ ಪ್ರಮಾಣ ಕಂಡುಹಿಡಿಯೋ ಸರಳ ಲೆಕ್ಕ) ನನಗೆ ಬರುತ್ತೆ: 9% ಪ್ರೋಟೀನಿನ ಮೆಕ್ಕೆಜೋಳ, 40%ನ ಶೇಂಗಾ ಹಿಂಡಿ ಬೆರೆಸಿ 20% ಬೇಕಂದ್ರೆ 20 ಪಾಲು ಜೋಳಕ್ಕೆ 11 ಪಾಲು ಹಿಂಡಿ. ಆದ್ರೆ ಅದು ಎರಡೇ ಸಾಮಗ್ರಿಗೆ, ಒಂದೇ ಪೋಷಕಾಂಶಕ್ಕೆ. ಹಾಕಿದ ಮಿತಿಗಳೊಳಗೆ ಅತಿ ಅಗ್ಗದ ಬೆರಕೆ ಹುಡುಕೋ ಎಕ್ಸೆಲ್ ಸಾಲ್ವರ್‌ಗೆ ನಾರು, ಟಿಡಿಎನ್ (ಜೀರ್ಣವಾಗೋ ಒಟ್ಟು ಪೋಷಕಾಂಶ), ಕ್ಯಾಲ್ಸಿಯಂ, ದರ ಎಲ್ಲ ಕೊಟ್ಟು ನೋಡಾಯ್ತು. ಯೂರಿಯಾಕ್ಕೆ 1% ಮಿತಿ ಹಾಕೋದು ಮರೆತ್ರೆ ಅಗ್ಗ ಅಂತ ಅದನ್ನೇ ಸುರಿಯುತ್ತೆ (ದನ ಉಳಿಯಲ್ಲ!), ಮಿತಿ ಹಾಕಿದ್ರೆ ಉತ್ತರವೇ ಸಿಗಲ್ಲ.

ಎಲ್‌ಪಿಎಂನಲ್ಲಿ ಫಾರಂ ನಿರ್ವಹಣೆ ಜಾಸ್ತಿ, ನ್ಯೂಟ್ರಿಷನ್‌ನಲ್ಲಿ ಲ್ಯಾಬ್ ಜಾಸ್ತಿ. ಈ ಲೀಸ್ಟ್ ಕಾಸ್ಟ್ (ಅತಿ ಕಡಿಮೆ ಖರ್ಚಿನ ಬೆರಕೆಯ) ಲೆಕ್ಕವನ್ನ ಎರಡು ವರ್ಷದ ಎಂವಿಎಸ್ಸಿಯಲ್ಲಿ ಕೈಯಾರೆ ಮಾಡಿಸೋದು ಯಾವ ವಿಭಾಗದಲ್ಲಿ? ಕಾರ್ಖಾನೆಗಳಲ್ಲಿ ಇರೋರು ದಯವಿಟ್ಟು ತಿಳಿಸಿ.